ಸೆಲ್ಫ್ ಎತ್ತದ ಬೈಕು

ಕತಗಾಲ
18 ಜೂನ್ 2003

ಅಪ್ಪನಿಗೆ ನಮಸ್ಕಾರ.

ನಾಲ್ಕೂವರೆ ವರ್ಷದ ಮೇಲೆ ನನ್ನ ಅಕ್ಷರ ಕಂಡು ಏನಾಯಿತೋ ಎಂದು ಹೆದರಬೇಡಿ. ನಾನು ಆರಾಮ ಇದ್ದೇನೆ. ಆಗಿರುವುದು ನನ್ನ ಬೈಕಿಗೆ.

ಕಳೆದ ವರ್ಷ ಅಮ್ಮ ಕುಮಟೆಗೆ ಬಂದು ನನ್ನನ್ನು ನೋಡಿ ಹೋದಾಗ ಹೇಳಿರಬೇಕು, ನಾನಿಲ್ಲಿ ಪಶು ಆಸ್ಪತ್ರೆಯಲ್ಲಿ ಪರಿವೀಕ್ಷಕಿ. ಜನ ಕರೆಯುವುದು ದನದ ಡಾಕ್ಟ್ರಮ್ಮ ಎಂದು. ನಾನು ಡಾಕ್ಟರಲ್ಲ ಎಂದು ಹೇಳಿ ಹೇಳಿ ಸೋತು ಬಿಟ್ಟಿದ್ದೇನೆ. ನಿಜವಾದ ಡಾಕ್ಟರು ವಾರಕ್ಕೆ ಎರಡು ದಿನ ಕುಮಟೆಯಿಂದ ಬರುತ್ತಾರೆ. ಉಳಿದ ದಿನಗಳ ಸೂಜಿ, ಗಾಯ, ಹೆರಿಗೆ ಎಲ್ಲ ನನ್ನ ತಲೆಗೆ. ನನಗೆ ಒಪ್ಪಿಸಿದ ಕೇರಿಗಳು ಹನ್ನೊಂದು. ಆರಕ್ಕೆ ಬಸ್ಸಿದೆ. ಉಳಿದ ಐದು ಗುಡ್ಡದ ಆಚೆ. ಅಲ್ಲಿಗೆ ಹೋಗುವುದು ಮಳೆನೀರು ಕೊರೆದ ಮಣ್ಣಿನ ದಾರಿ. ಐಸ್ ಡಬ್ಬಿ ಹೆಗಲಿಗೆ ಹಾಕಿಕೊಂಡು ಮೂರು ವರ್ಷ ನಡೆದೆ. ನಾನು ಮೇಲೆ ಮುಟ್ಟುವ ಹೊತ್ತಿಗೆ ಐಸು ಕರಗಿ ಲಸಿಕೆ ಹಾಳಾಗಿರುತ್ತಿತ್ತು.

ಅದಕ್ಕೇ ಮಾರ್ಚಿನಲ್ಲಿ ಒಂದು ಹಳೆಯ ಬೈಕು ಕೊಂಡೆ. ಭಟ್ಕಳದ ಸಾಹೇಬರೊಬ್ಬರು ದುಬೈ ಬಿಟ್ಟು ಬರುವಾಗ ಮಗನಿಗೆಂದು ತಂದದ್ದು. ಮಗ ಅದರ ಮೇಲಿಂದ ಎರಡು ಸಲ ಬಿದ್ದ ಮೇಲೆ ಅದರ ಹತ್ತಿರ ಹೋಗಲಿಲ್ಲವಂತೆ. ಮಣ್ಣುದಾರಿಗೆಂದೇ ಮಾಡಿದ ಗಾಡಿ, ಡರ್ಟ್ ಬೈಕ್ ಎನ್ನುತ್ತಾರೆ. ಎಮ್ಮೆಯಷ್ಟು ಎತ್ತರ. ಟಯರಿನ ತುಂಬ ಗಡ್ಡೆಗಡ್ಡೆ ಮುಳ್ಳು. ಕೊರಕಲಿನಲ್ಲಿ ಇಳಿಸಿದರೂ ಹತ್ತಿಸಿದರೂ ಅಳುಕುವುದಿಲ್ಲ. ಆದರೆ ಕಿಕ್ಕರ್ ಇಲ್ಲ. ಒಳಗಿನ ದಂಡ ಮುರಿದದ್ದರಿಂದ ಹಿಂದೆ ಯಾರೋ ಕಿತ್ತು ಹಾಕಿದ್ದಾರೆ, ಆ ಸಾಮಾನು ಇಲ್ಲಿ ಎಲ್ಲೂ ಸಿಗುವುದಿಲ್ಲ. ಹಾಗಾಗಿ ಸೆಲ್ಫ್ ಒಂದೇ ಗತಿ.

ಆ ಸೆಲ್ಫೇ ಈಗ ಎತ್ತುತ್ತಿಲ್ಲ. ಗುಂಡಿ ಒತ್ತಿದರೆ ಸೀಟಿನ ಅಡಿಯಲ್ಲಿ ‘ಟಕ್’ ಎನ್ನುತ್ತದೆ, ಅಷ್ಟೇ. ಕೆಲವು ದಿನ ನಾಲ್ಕನೇ ಸಲ ಒತ್ತಿದಾಗ ಏನೂ ಆಗದವರ ಹಾಗೆ ತಿರುಗುತ್ತದೆ. ಕುಮಟೆಯ ಗ್ಯಾರೇಜಿನವನು ಬ್ಯಾಟರಿ ಹೋಗಿದೆ ಎಂದ. ಹೊಸದು ಹಾಕಿಸಿದೆ. ಮತ್ತೂ ಟಕ್.

ಹೆಬಳೆಗೆ ಬರೆಯಲೋ ಬೇಡವೋ ಎಂದು ಒಂದು ವಾರ ಯೋಚಿಸಿದೆ. ಬೋಟಿನ ಸೆಲ್ಫಾದರೂ ಬೈಕಿನ ಸೆಲ್ಫಾದರೂ ಕರೆಂಟು ಓಡುವ ದಾರಿ ಒಂದೇ ಎಂದು ನೀವು ಶೆಡ್ಡಿನಲ್ಲಿ ಬೋಟಿನ ಎಂಜಿನ್ ಬಿಚ್ಚುತ್ತ ಭಾಸ್ಕರ ಭಾವನಿಗೆ ಹೇಳುತ್ತಿದ್ದದ್ದು ನೆನಪಿದೆ. ಬೇರೆ ವಿಷಯ ಏನೂ ಈ ಕಾಗದದಲ್ಲಿಲ್ಲ. ಎಲ್ಲಿಂದ ಹುಡುಕಲು ಶುರು ಮಾಡಬೇಕು, ಅಷ್ಟು ತಿಳಿಸಿದರೆ ಸಾಕು.

ಅಮ್ಮನಿಗೆ ನಮಸ್ಕಾರ ಹೇಳಿ.

ವೀಣಾ


ಹೆಬಳೆ
27 ಜೂನ್ 2003

ವೀಣಾಳಿಗೆ,

ನಿನ್ನ ಕಾಗದ ಮುಟ್ಟಿತು. ಕನ್ನಡಕ ಒಡೆದಿದೆ, ಹಾಗಾಗಿ ನಾನು ಹೇಳುತ್ತಿದ್ದೇನೆ, ಭಾಸ್ಕರನ ಹೆಂಡತಿ ರೇಖಾ ಬರೆಯುತ್ತಿದ್ದಾಳೆ. ಅಕ್ಷರ ಬೇರೆ ಎಂದು ಗಾಬರಿ ಬೇಡ.

ಬ್ಯಾಟರಿ ಬದಲಿಸಿದ್ದು ತಪ್ಪು. ಬ್ಯಾಟರಿ ಸತ್ತಿದ್ದರೆ ಒಂದೇ ಟಕ್ ಬರುವುದಿಲ್ಲ, ಹಲ್ಲಿ ಲೊಚಗುಟ್ಟಿದ ಹಾಗೆ ಟಕಟಕಟಕ ಎನ್ನುತ್ತದೆ. ಒಂದೇ ಟಕ್ ಎಂದರೆ ರಿಲೇ, ಅಂದರೆ ಬ್ಯಾಟರಿಯ ಕರೆಂಟನ್ನು ಸೆಲ್ಫಿನ ಮೋಟರಿಗೆ ಬಿಡುವ ಸ್ವಿಚ್ಚು, ತನ್ನ ಕೆಲಸ ಮಾಡಲು ನೋಡುತ್ತಿದೆ, ಅದರಿಂದ ಮುಂದೆ ಎಲ್ಲೋ ದಾರಿ ಕಟ್ಟಿದೆ.

ಹೆಡ್‌ಲೈಟು ಹಾಕಿಟ್ಟು ಗುಂಡಿ ಒತ್ತು. ಲೈಟು ಪೂರ್ತಿ ಮಂಕಾದರೆ ಕರೆಂಟು ಹೋಗುತ್ತಿದೆ, ಮೋಟರು ಬಿಗಿ ಹಿಡಿದಿದೆ. ಲೈಟು ಇದ್ದ ಹಾಗೇ ಇದ್ದರೆ ಕರೆಂಟು ಮೋಟರಿಗೆ ಮುಟ್ಟುತ್ತಲೇ ಇಲ್ಲ.

ಮೊದಲು ಅರ್ಥ್ ನೋಡು. ಬ್ಯಾಟರಿಯಿಂದ ಕಪ್ಪು ವಯರು ಹೋಗಿ ಗಾಡಿಯ ಚೌಕಟ್ಟಿಗೆ ಕೂರುವ ಜಾಗ. ಮಾರುವ ಮೊದಲು ಗಾಡಿಗೆ ಬಣ್ಣ ಹೊಡೆದಿರುತ್ತಾರೆ, ಬಣ್ಣದ ಮೇಲೆಯೇ ಬೋಲ್ಟು ಬಿಗಿದಿರುತ್ತಾರೆ. ಬಿಚ್ಚಿ, ಕಬ್ಬಿಣ ಬೆಳ್ಳಗೆ ಕಾಣುವವರೆಗೆ ಉಜ್ಜಿ, ಮತ್ತೆ ಬಿಗಿ. ಮೇಲೆ ಸ್ವಲ್ಪ ಗ್ರೀಸು ಸವರು, ಮಳೆಗಾಲ.

ಗಾಡಿಯನ್ನು ಯಾವಾಗಲೂ ಇಳಿಜಾರಿನಲ್ಲಿ ನಿಲ್ಲಿಸು. ಎರಡನೇ ಗೇರು, ಕ್ಲಚ್ಚು ಹಿಡಿದು ಇಳಿಸಿ, ವೇಗ ಬಂದ ಮೇಲೆ ಕ್ಲಚ್ಚು ಬಿಡು. ಸೆಲ್ಫ್ ಇಲ್ಲದೆಯೂ ಎಂಜಿನ್ ಹಿಡಿಯುತ್ತದೆ.

ನಾವೆಲ್ಲ ಆರಾಮ.

ಶನಿಯಾರ

(ವೀಣಾ, ಇದು ನಾನು ರೇಖಾ. ನಿನ್ನ ಅಮ್ಮ ಈರಮ್ಮತ್ತೆ ಪಕ್ಕದಲ್ಲೇ ಕೂತಿದ್ದಾರೆ. ‘ಊಟ ಸಮಾ ಮಾಡ್ತಾಳೋ ಇಲ್ಲೋ ಕೇಳು’ ಎನ್ನುತ್ತಿದ್ದಾರೆ.)


ಕತಗಾಲ
20 ಜುಲೈ 2003

ಅಪ್ಪನಿಗೆ ನಮಸ್ಕಾರ.

ನೀವು ಹೇಳಿದ್ದು ಸರಿ. ಅರ್ಥಿನ ಬೋಲ್ಟಿನ ಅಡಿಯಲ್ಲಿ ಕೆಂಪು ಬಣ್ಣ ದಪ್ಪಗೆ ಕೂತಿತ್ತು. ಉಜ್ಜಿ ಬಿಗಿದೆ. ಹನ್ನೆರಡು ದಿನ ಗಾಡಿ ಒಂದೇ ಒತ್ತಿಗೆ ಎದ್ದಿತು. ನಿಮಗೆ ಬರೆಯಬೇಕು ಎಂದುಕೊಂಡು ಇನ್‌ಲ್ಯಾಂಡ್ ಕಾಗದವನ್ನೂ ತಂದಿಟ್ಟಿದ್ದೆ.

ಹದಿಮೂರನೆಯ ದಿನ ಬೆಳಿಗ್ಗೆ ಚೌಡ ಎನ್ನುವವರು ಓಡಿ ಬಂದರು. ಗುಡ್ಡದಾಚೆಯ ಕೇರಿಯವರು. ತಲೆಯ ಮೇಲಿನ ಕಂಬಳಿಕೊಪ್ಪೆಯಿಂದ ನೀರು ಇಳಿಯುತ್ತಿತ್ತು. ‘ಅಮಾ, ದನ ಬೆಳಗಾಪದ್ರೊಳಗಿಂದ ತಿಣ್ಕತಾ ಅದೆ. ಕರದ ಒಂದೇ ಕಾಲ್ ಹೊರಗೆ ಕಾಣ್ತದೆ, ತಲೆ ಕಾಣೂದಿಲ್ಲ’ ಎಂದರು. ಅವರಿಗೂ ಅವರ ಹೆಂಡತಿ ಗಂಗಿಗೂ ಇರುವುದು ಅದೊಂದೇ ದನ. ನಾನು ಚೀಲ ಕಟ್ಟಿ, ಗಾಡಿ ಹತ್ತಿ ಗುಂಡಿ ಒತ್ತಿದೆ. ಟಕ್.

ಆಸ್ಪತ್ರೆಯ ಅಂಗಳ ಸಪಾಟು, ಕಾಲು ಹೂತುಹೋಗುವಷ್ಟು ಕೆಸರು. ಚೌಡ ಹಿಂದಿನಿಂದ ನೂಕಿದರು, ನಾನು ಮುಂದೆ ಹಿಡಿದು ಓಡಿದೆ. ಕ್ಲಚ್ಚು ಬಿಟ್ಟಾಗೆಲ್ಲ ಹಿಂದಿನ ಗಾಲಿ ಕೆಸರಲ್ಲಿ ಜಾರುತ್ತಿತ್ತೇ ಹೊರತು ಎಂಜಿನ್ ಹಿಡಿಯಲಿಲ್ಲ. ಕಾಲು ಗಂಟೆ ಹೀಗೇ ಹೋಯಿತು. ಆಮೇಲೆ ಗಾಡಿ ಅಲ್ಲೇ ಬಿಟ್ಟು ನಡೆದೆವು. ಏಳು ಕಿಲೋಮೀಟರ್. ಹಳ್ಳ ತುಂಬಿತ್ತು, ಸುತ್ತು ಹಾಕಿ ದಾಟಬೇಕಾಯಿತು.

ಕರು ಒಳಗೆ ತಲೆಯನ್ನು ಹಿಂದಕ್ಕೆ ತಿರುಗಿಸಿಕೊಂಡಿತ್ತು. ಭುಜದವರೆಗೆ ಕೈ ಹಾಕಿ ನೆಟ್ಟಗೆ ಮಾಡಿ ಹೊರಗೆಳೆಯುವಾಗ ಅದರ ಮೈ ಇನ್ನೂ ಬೆಚ್ಚಗಿತ್ತು, ಉಸಿರಿರಲಿಲ್ಲ. ಮೂಗು ಒರೆಸಿದೆ, ಎದೆ ಉಜ್ಜಿದೆ, ಹಿಂಗಾಲು ಹಿಡಿದು ತಲೆಕೆಳಗೆ ಮಾಡಿದೆ. ಇಲ್ಲ. ಹೆಣ್ಣು ಕರು, ಹಣೆಯ ಮೇಲೆ ಬಿಳಿ ಚುಕ್ಕೆ.

ದನ ಉಳಿಯಿತು. ಗಂಗಿ ನನ್ನನ್ನು ಬೈಯಲಿಲ್ಲ. ಬಿಸಿನೀರು ತಂದು ನನ್ನ ಕೈ ಮೇಲೆ ತಾನೇ ಸುರಿಯುತ್ತ, ‘ಆತು ಬಿಡಿ ಅಮಾ. ಈ ಮಳೇಲಿ ನೀವು ನಡ್ದೇ ಬಂದ್ರಲಾ’ ಎಂದಳು. ಅವಳು ಬೈದಿದ್ದರೆ ಚೆನ್ನಾಗಿತ್ತು.

ಡಾಕ್ಟರಿಗೂ ಸುದ್ದಿ ಮುಟ್ಟಿದೆ. ‘ನಿನ್ನೊಬ್ಬಳಿಂದ ಆ ಕೇರಿಗಳನ್ನು ಸುಧಾರಿಸಲು ಆಗುವುದಿಲ್ಲ, ದನವಿದ್ದವರು ಇಲ್ಲಿಗೇ ಹೊಡೆದುಕೊಂಡು ಬರಲಿ, ಹಾಗೆಂದು ಮೇಲೆ ಬರೆಯುತ್ತೇನೆ’ ಎಂದಿದ್ದಾರೆ. ಕರು ಹಾಕಲಾರದ ದನವನ್ನು ಏಳು ಕಿಲೋಮೀಟರ್ ಹೊಡೆದುಕೊಂಡು ಬರುವುದು ಹೇಗೆ? ಮಳೆ ಮುಗಿದ ಮೇಲೆ ಕಾಲುಬಾಯಿ ರೋಗದ ಲಸಿಕೆ ಬರುತ್ತದೆ. ಅಷ್ಟರೊಳಗೆ ಗಾಡಿ ಸರಿಯಾಗದಿದ್ದರೆ ಆ ಐದು ಕೇರಿಗಳ ಹೆಸರು ಪಟ್ಟಿಯಿಂದಲೇ ಹೋಗುತ್ತದೆ.

ನೀವು ಹೇಳಿದ ಹಾಗೆ ಹೆಡ್‌ಲೈಟು ಹಾಕಿ ನೋಡಿದೆ. ಗುಂಡಿ ಒತ್ತಿದಾಗ ಲೈಟು ಮಂಕಾಗುವುದಿಲ್ಲ. ಇದ್ದ ಹಾಗೇ ಇರುತ್ತದೆ. ಮುಂದೆ ಏನು ನೋಡಲಿ?

ವೀಣಾ


ಹೆಬಳೆ
30 ಜುಲೈ 2003

ವೀಣಾಳಿಗೆ,

ಕರುವಿನ ವಿಷಯ ಕೇಳಿ ನಿನ್ನ ಅಮ್ಮ ಊಟ ಬಿಟ್ಟು ಎದ್ದಳು. ನಾನು ಹೇಳುವುದು ಇಷ್ಟು. ನಾನು ಸರಿ ಮಾಡಿ ಕಳಿಸಿದ ಬೋಟು ಸಮುದ್ರದ ನಡುವೆ ನಿಂತದ್ದಿದೆ. ಅದನ್ನು ತಲೆ ಮೇಲೆ ಹೊತ್ತುಕೊಂಡು ಕೂತರೆ ಮರುದಿನ ಬೋಲ್ಟು ತಿರುಗಿಸುವ ಪಾನಾ ಹಿಡಿಯಲು ಆಗುವುದಿಲ್ಲ. ಗಾಡಿ ನಿಂತದ್ದು ನಿನ್ನ ತಪ್ಪಲ್ಲ.

ಲೈಟು ಮಂಕಾಗುವುದಿಲ್ಲ ಎಂದರೆ ಮೋಟರಿಗೆ ಕರೆಂಟು ಮುಟ್ಟುತ್ತಿಲ್ಲ, ಇಲ್ಲವೇ ಮೋಟರಿನ ಒಳಗೆ ದಾರಿ ಕಡಿದಿದೆ. ಯಾವುದು ಎಂದು ಹೀಗೆ ನೋಡು. ಗಾಡಿ ನ್ಯೂಟ್ರಲ್‌ನಲ್ಲಿರಲಿ. ಪೆಟ್ರೋಲು ಎಲ್ಲೂ ಸೋರಿರಬಾರದು. ರಿಲೇಯ ಮೇಲೆ ಎರಡು ದಪ್ಪ ವಯರಿನ ಬೋಲ್ಟುಗಳಿವೆ. ಪ್ಲಾಸ್ಟಿಕ್ ಹಿಡಿಯ ಸ್ಕ್ರೂಡ್ರೈವರ್‌ನಿಂದ ಎರಡನ್ನೂ ಒಟ್ಟಿಗೆ ಮುಟ್ಟಿಸು. ಕಿಡಿ ಹಾರಿದರೆ ಕೈ ಹಿಂದೆಳೆಯಬೇಡ, ಗಟ್ಟಿ ಒತ್ತು. ಮೋಟರು ತಿರುಗಿದರೆ ರಿಲೇ ಹಾಳು, ಅದನ್ನು ಬದಲಿಸಿದರೆ ಮುಗಿಯಿತು. ತಿರುಗದಿದ್ದರೆ ಹಾಗೇ ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಮರದ ತುಂಡಿನಿಂದ ಮೋಟರಿನ ಮೈಗೆ ಮೆಲ್ಲಗೆ ಬಡಿ. ಬಡಿದಾಗ ತಿರುಗಿದರೆ ಒಳಗಿನ ಕಾರ್ಬನ್ ಬ್ರಶ್ ಸವೆದಿದೆ. ತಿರುಗುವ ತಾಮ್ರಕ್ಕೆ ಒತ್ತಿಕೊಂಡು ಕರೆಂಟು ಕೊಡುವ ಎರಡು ಕಪ್ಪು ತುಂಡುಗಳು ಅವು. ಸವೆದು ಗಿಡ್ಡವಾದರೆ ಮುಟ್ಟುವುದಿಲ್ಲ. ಅಲ್ಲಾಡಿಸಿದರೆ ಒಮ್ಮೊಮ್ಮೆ ಮುಟ್ಟುತ್ತವೆ.

ಮೋಟರು ಬಿಚ್ಚುವುದು ಮಾತ್ರ ನಿನ್ನ ಕೆಲಸವಲ್ಲ. ಬೋಲ್ಟು ಬಿಗಿ ಇರುತ್ತವೆ, ಒಳಗೆ ಕಣ್ಣಿಗೆ ಕಾಣದಷ್ಟು ತೆಳು ವಾಶರುಗಳಿರುತ್ತವೆ, ಕ್ರಮ ತಪ್ಪಿದರೆ ಮತ್ತೆ ಕೂರುವುದಿಲ್ಲ. ಗಂಡಸರು ಯಾರಾದರೂ ಗೊತ್ತಿದ್ದವರ ಕೈಯಲ್ಲಿ ಬಿಚ್ಚಿಸು.

ಶನಿಯಾರ


ಕತಗಾಲ
9 ಆಗಸ್ಟ್ 2003

ಅಪ್ಪನಿಗೆ,

ಸ್ಕ್ರೂಡ್ರೈವರ್ ಇಟ್ಟು ನೋಡಿದೆ. ತಿರುಗಲಿಲ್ಲ. ಮರದ ತುಂಡಿನಿಂದ ಬಡಿದೆ. ತಿರುಗಿತು. ನೀವು ಹೇಳಿದ ಹಾಗೆ ಬ್ರಶ್ಶೇ.

ಗಂಡಸರು ಯಾರನ್ನೂ ಕರೆಯಲಿಲ್ಲ. ಬೋಲ್ಟುಗಳಿಗೆ ಒಂದು ದಿನ ಮೊದಲೇ ಸೀಮೆಎಣ್ಣೆ ಬಿಟ್ಟಿದ್ದೆ, ಸಲೀಸಾಗಿ ಬಂದವು. ಬಿಚ್ಚುವ ಮೊದಲು ಮೋಟರಿನ ಮೈಗೂ ಮುಚ್ಚಳಕ್ಕೂ ಮೊಳೆಯಿಂದ ಅಡ್ಡ ಗೀರು ಹಾಕಿಕೊಂಡೆ. ನೀವು ಹೇಳಿದ ತೆಳು ವಾಶರುಗಳು ಮೂರಿದ್ದವು, ಬಂದ ಕ್ರಮದಲ್ಲೇ ದಾರಕ್ಕೆ ಪೋಣಿಸಿ ಇಟ್ಟಿದ್ದೇನೆ. ಒಂದು ಬ್ರಶ್ಶು ಉಗುರಿನಷ್ಟು ತೆಳುವಾಗಿದೆ, ಇನ್ನೊಂದು ಅದಕ್ಕಿಂತ ಸ್ವಲ್ಪ ಮೇಲು. ತಾಮ್ರವನ್ನು ಎಮರಿ ಕಾಗದದಿಂದ ತಿಕ್ಕಿ, ಸಂದಿಗಳ ಮಸಿ ಕೆರೆದು ತೆಗೆದೆ. ಇದನ್ನೆಲ್ಲ ನನಗೆ ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ಹನ್ನೆರಡು ವರ್ಷ ನಿಮಗೆ ಪಾನಾ ಎತ್ತಿ ಕೊಡುತ್ತ ನೋಡಿದ್ದು.

ಬೇರೆ ವಿಷಯ ಬರೆಯುವುದಿಲ್ಲ ಎಂದಿದ್ದೆ. ‘ನಿನ್ನ ಕೆಲಸವಲ್ಲ’ ಎಂದು ನೀವೇ ಬರೆಸಿದ ಮೇಲೆ ಬರೆಯದೆ ಇರಲಾರೆ.

1998ರ ನವೆಂಬರಿನಲ್ಲಿ ರಮಾನಂದಣ್ಣನ ಬೋಟು ಸೆಲ್ಫ್ ಎತ್ತದೆ ತೆಂಗಿನಗುಂಡಿ ಬಂದರಿನಲ್ಲಿ ಮೂರು ದಿನ ನಿಂತಿತ್ತು. ಬೇರೆ ಬೋಟುಗಳೆಲ್ಲ ಬಂಗಡೆ ತುಂಬಿಕೊಂಡು ಬರುತ್ತಿದ್ದವು. ನೀವು ಮೋಟರು ಎರಡು ಸಲ ಬಿಚ್ಚಿ ಹಾಕಿದಿರಿ. ಭಾವ ಬ್ಯಾಟರಿ ಬದಲಿಸಿದರು. ಮೂರನೇ ದಿನ ನೀವು ಗುಂಡಿ ಒತ್ತುತ್ತಿದ್ದಾಗ ನಾನು ಬ್ಯಾಟರಿಯ ದಪ್ಪ ಕೇಬಲ್ಲಿನ ಮೇಲೆ ಕೈ ಆಡಿಸುತ್ತ ಹೋದೆ. ಒಂದು ಕಡೆ ಬೆಚ್ಚಗಿತ್ತು. ಹೊರಗಿನ ರಬ್ಬರು ಹೊಸದರ ಹಾಗೇ ಇತ್ತು. ಸೀಳಿ ನೋಡಿದರೆ ಒಳಗಿನ ತಾಮ್ರವೆಲ್ಲ ಉಪ್ಪುನೀರು ತಿಂದು ಹಸಿರು ಹುಡಿ. ನಿಮಗೆ ಮೆಲ್ಲಗೆ ಹೇಳಿದೆ. ನೀವು ಕೇಬಲ್ಲು ಬದಲಿಸಿದಿರಿ, ಎಂಜಿನ್ ಎದ್ದಿತು.

ರಮಾನಂದಣ್ಣ ಅಷ್ಟೂ ಜನರ ಎದುರು ಕೇಳಿದರು, ‘ಯಾರು ಕಂಡ್ ಹಿಡ್ದದ್ದು ಶನಿಯಾರ?’

‘ಭಾಸ್ಕರ’ ಎಂದಿರಿ ನೀವು.

ನಾನು ಎರಡು ಮಾರು ದೂರದಲ್ಲಿದ್ದೆ. ಭಾವ ತಲೆ ತಗ್ಗಿಸಿದರು. ನೀವು ನನ್ನ ಕಡೆ ತಿರುಗಿ, ‘ಮನೀಗೆ ಹೋಗು, ಕೈ ತೊಳ್ಕೊ’ ಎಂದಿರಿ. ನಾನು ಹೋದೆ, ಕೈ ತೊಳೆದುಕೊಂಡೆ. ಮತ್ತೆ ಶೆಡ್ಡಿಗೆ ಬರಲಿಲ್ಲ. ತರಬೇತಿಗೆ ಸೀಟು ಸಿಕ್ಕಿದ ದಿನ ಮನೆಯನ್ನೂ ಬಿಟ್ಟೆ.

ಶೆಡ್ಡು ನಿಮ್ಮ ಅಕ್ಕನ ಮಗನೆಂದು ಭಾವನಿಗೆ ಹೋಗುವುದು ನಮ್ಮವರ ಪದ್ಧತಿ, ಅದಕ್ಕೆ ನನಗೆ ಬೇಸರವಿಲ್ಲ. ನನಗೆ ಬೇಕಾಗಿದ್ದದ್ದು ಶೆಡ್ಡಲ್ಲ, ಆ ಒಂದು ಮಾತು.

ಈ ಬ್ರಶ್ಶು ಕುಮಟೆಯಲ್ಲೂ ಇಲ್ಲ, ಹೊನ್ನಾವರದಲ್ಲೂ ಇಲ್ಲ. ಕಡಿಮೆ ಸವೆದ ಒಂದನ್ನು ಈ ಲಕೋಟೆಯಲ್ಲಿ ಇಟ್ಟಿದ್ದೇನೆ, ಹೊಸದರ ಉದ್ದ ಎಷ್ಟಿರಬೇಕೆಂದು ಅಳತೆ ಬರೆದಿದ್ದೇನೆ. ಏನಾದರೂ ಮಾಡಲು ಸಾಧ್ಯವಿದ್ದರೆ ಮಾಡಿ. ಇಲ್ಲದಿದ್ದರೆ ಬೇಡ.

ವೀಣಾ


ಕತಗಾಲ
2 ಅಕ್ಟೋಬರ್ 2003

ಪ್ರೀತಿಯ ರೇಖಕ್ಕ,

ಈ ಕಾಗದ ನಿಮಗೆ ಮಾತ್ರ. ಅಪ್ಪನ ಎದುರು ಓದಬೇಡಿ.

ಆಗಸ್ಟಿನಲ್ಲಿ ನಾನು ಬರೆದದ್ದಕ್ಕೆ ಒಂದೂಮುಕ್ಕಾಲು ತಿಂಗಳು ಉತ್ತರವೇ ಬರಲಿಲ್ಲ. ಬರುವುದಿಲ್ಲ ಎಂದೇ ತಿಳಿದಿದ್ದೆ. ಬರೆದದ್ದು ಹೆಚ್ಚಾಯಿತು ಎಂದು ಎಷ್ಟೋ ಸಲ ಅನ್ನಿಸಿತು, ಬರೆದದ್ದು ಸುಳ್ಳಲ್ಲವಲ್ಲ ಎಂದೂ ಅನ್ನಿಸಿತು. ಮೊನ್ನೆ ಒಂದು ಪಾರ್ಸೆಲ್ಲು ಬಂತು. ಬಟ್ಟೆಯಲ್ಲಿ ಹೊಲಿದ ಸಣ್ಣ ತಗಡಿನ ಡಬ್ಬಿ, ಒಳಗೆ ಹತ್ತಿ, ಹತ್ತಿಯ ನಡುವೆ ನಾಲ್ಕು ಬ್ರಶ್ಶು. ಬೋಟಿನ ಡೈನಮೋದ ದೊಡ್ಡ ಬ್ರಶ್ಶನ್ನು ಕೊಯ್ದು ಅರದಿಂದ ಉಜ್ಜಿ ಸಣ್ಣದು ಮಾಡಿದ್ದು. ಒಂದು ಸಾಲು ಬರಹವೂ ಇರಲಿಲ್ಲ.

ಅಕ್ಕ, ಅವು ಓರೆ ಇವೆ.

ಅಪ್ಪ ಅರ ಹಿಡಿದರೆ ಕನ್ನಡಿಯ ಹಾಗೆ ಸಮ ಬರುತ್ತಿತ್ತು. ಇವುಗಳ ಒಂದು ಬದಿ ಎತ್ತರ, ಒಂದು ಬದಿ ತಗ್ಗು. ಅರ ಜಾರಿ ಗೀರಿದ ಗುರುತುಗಳಿವೆ. ಭಾವನ ಕೆಲಸವೂ ಇದಲ್ಲ, ಅವರದು ಇದಕ್ಕಿಂತ ಎಷ್ಟೋ ಚೊಕ್ಕ. ಡಬ್ಬಿ ಎದುರಿಗಿಟ್ಟುಕೊಂಡು ಎರಡು ದಿನದಿಂದ ನೋಡುತ್ತಿದ್ದೇನೆ, ಇನ್ನೂ ಗಾಡಿಗೆ ಹಾಕಿಲ್ಲ.

ಜೂನಿನಲ್ಲಿ ಒಡೆದ ಕನ್ನಡಕ ಇನ್ನೂ ಸರಿಯಾಗಿಲ್ಲವೇ? ಅಮ್ಮ ಈ ವರ್ಷ ಕುಮಟೆಗೆ ಬರಲೇ ಇಲ್ಲ, ಏಕೆ? ಅಪ್ಪನ ಕೈಗೆ ಏನಾಗಿದೆ, ನಿಜ ಬರೆಯಿರಿ.

ನಿಮ್ಮ
ವೀಣಾ


ಹೆಬಳೆ
9 ಅಕ್ಟೋಬರ್ 2003

ಪ್ರೀತಿಯ ವೀಣಾ,

ನಿನಗೆ ತಿಳಿಸಬಾರದೆಂದು ಮಾವ ಆಣೆ ಹಾಕಿಸಿದ್ದರು. ನೀನೇ ಕಂಡುಹಿಡಿದು ಕೇಳಿದ ಮೇಲೆ ಮುಚ್ಚಿಡುವುದು ಹೇಗೆ?

ಏಪ್ರಿಲಿನಲ್ಲಿ ಬೋಟಿನ ಎಂಜಿನ್ ಮನೆಯಲ್ಲಿ ಬಗ್ಗಿ ಕೆಲಸ ಮಾಡುತ್ತಿದ್ದಾಗ ಮಾವನ ಕೈಯಿಂದ ಪಾನಾ ಬಿದ್ದಿತಂತೆ. ಎತ್ತಲು ಹೋದರೆ ಕೈ ಏಳಲಿಲ್ಲ. ಲಕ್ವ. ಮಣಿಪಾಲದಲ್ಲಿ ಹನ್ನೊಂದು ದಿನ ಇದ್ದರು. ಮಾತು ಮರಳಿತು, ಕಾಲು ಎಳೆದುಕೊಂಡು ನಡೆಯುತ್ತಾರೆ, ಬಲಗೈ ಮಾತ್ರ ಬರಲಿಲ್ಲ. ನಿನಗೆ ಹೇಳಿ ಕಳಿಸೋಣ ಎಂದು ಈರಮ್ಮತ್ತೆ ಅತ್ತರು. ಮಾವ, ‘ಬ್ಯಾಡ. ಸಿಟ್ಟಲ್ಲಿ ಹೋದವ್ಳು ಪಾಪ ಅಂತ ಬರೂದು ಬ್ಯಾಡ’ ಎಂದರು. ಅತ್ತೆ ಅವರನ್ನು ಬಿಟ್ಟು ಎಲ್ಲಿಗೂ ಹೋಗುವ ಹಾಗಿಲ್ಲ, ಹಾಗಾಗಿ ಕುಮಟೆಗೆ ಬರಲಿಲ್ಲ.

ಎರಡು ತಿಂಗಳು ಮಾವ ಗೋಡೆ ನೋಡುತ್ತ ಮಲಗಿದ್ದರು. ನಿನ್ನ ಮೊದಲ ಕಾಗದ ಬಂದ ದಿನ ನನ್ನ ಕೈಯಲ್ಲಿ ಮೂರು ಸಲ ಓದಿಸಿದರು. ಮರುದಿನ ಬೆಳಿಗ್ಗೆ ನಿನ್ನ ಭಾವನ ಹೆಗಲು ಹಿಡಿದು ಶೆಡ್ಡಿಗೆ ಹೋದರು. ಈಗ ದಿನಾ ಅಲ್ಲೇ ಕುರ್ಚಿ ಹಾಕಿಕೊಂಡು ಕೂತು ಎಂಜಿನ್ನಿನ ಸದ್ದು ಕೇಳಿ ಏನು ಮಾಡಬೇಕೆಂದು ಹೇಳುತ್ತಾರೆ.

ಆಗಸ್ಟಿನ ಕಾಗದವನ್ನೂ ನಾನೇ ಓದಿದೆ. ಬೋಟಿನ ವಿಷಯ ಬಂದಾಗ ಕಾಗದ ಮಡಚಲು ನೋಡಿದೆ. ‘ಓದು’ ಎಂದರು. ಪೂರ್ತಿ ಓದಿದೆ.  ಮಾವ ನೀನು ಕಳಿಸಿದ ಆ ಕರಿ ತುಂಡನ್ನು ಇಸಿದುಕೊಂಡು ಅಂಗಿಯ ಕಿಸೆಗೆ ಹಾಕಿಕೊಂಡರು. ಹಲವು ದಿನ ಅದು ಅಲ್ಲೇ ಇತ್ತು.

ಆಮೇಲೆ ಶುರು ಮಾಡಿದರು. ಮೇಜಿನ ಮೇಲಿನ ಇಕ್ಕಳ, ವೈಸಿಗೆ ಬ್ರಶ್ಶು ಸಿಕ್ಕಿಸಿ, ಎಡಗೈಯಲ್ಲಿ ಅರ ಹಿಡಿದು. ಹತ್ತು ಹನ್ನೆರಡು ತುಂಡು ಮುರಿದವು. ಬೆರಳಿನ ಸಿಪ್ಪೆ ಹೋಯಿತು. ‘ನಾ ಮಾಡಿ ಕೊಡ್ತೆ ಮಾವ’ ಎಂದು ನಿನ್ನ ಭಾವ ಎರಡು ಸಲ ಕೈ ಚಾಚಿದರು. ‘ಅವ್ಳು ಕೇಳದ್ದು ನನ್ನತ್ರ’ ಎಂದು ಮಾವ ಕೊಡಲಿಲ್ಲ. ಹದಿನೆಂಟು ದಿನ ಹಿಡಿಯಿತು.

ಪಾರ್ಸೆಲ್ಲು ಹೊಲಿಯುವಾಗ, ‘ಕಾಗದ ಬರೀಲಾ ಮಾವ? ಎಂತ ಹೇಳ್ತ್ರಿ?’ ಎಂದು ಕೇಳಿದೆ. ‘ಅದು ನೀ ಬರಿಯೂದಲ್ಲ’ ಎಂದರು. ಈಗ ದಿನಾ ಬೆಳಿಗ್ಗೆ ಚಹಾ ಕುಡಿದ ಮೇಲೆ ಒಂದು ಸ್ಲೇಟು ತೊಡೆಯ ಮೇಲಿಟ್ಟುಕೊಂಡು ಕೂರುತ್ತಾರೆ. ಯಾರಾದರೂ ಹತ್ತಿರ ಹೋದರೆ ಒರೆಸಿಬಿಡುತ್ತಾರೆ.

ನಾನು ಬರೆದದ್ದು ಅವರಿಗೆ ತಿಳಿಯದಿರಲಿ.

ನಿನ್ನ
ರೇಖಾ


ಕತಗಾಲ
16 ನವೆಂಬರ್ 2003

ಅಪ್ಪನಿಗೆ ನಮಸ್ಕಾರ.

ಬ್ರಶ್ಶುಗಳು ಮುಟ್ಟಿದವು. ಸರಿಯಾಗಿ ಕೂತವು, ಎಲ್ಲೂ ತಿಕ್ಕಬೇಕಾಗಲಿಲ್ಲ. ಮೋಟರು ಜೋಡಿಸಿ ಗುಂಡಿ ಒತ್ತಿದರೆ ಎಂಜಿನ್ ಒಂದೇ ಏಟಿಗೆ ಎದ್ದಿತು. ನಾನು ಬೆಚ್ಚಿ ಕೈ ತೆಗೆದುಬಿಟ್ಟೆ. ಒಂದೂವರೆ ತಿಂಗಳಾಗುತ್ತ ಬಂತು, ಟಕ್ ಎಂಬ ಸದ್ದೇ ಇಲ್ಲ.

ಲಸಿಕೆ ಬಂತು. ಡಾಕ್ಟರು ಆ ಐದು ಕೇರಿಗಳ ಹೆಸರು ಬಿಟ್ಟೇ ಪಟ್ಟಿ ಮಾಡಿದ್ದರು. ಗಾಡಿಯನ್ನು ಅವರ ಕಿಟಕಿಯ ಕೆಳಗೆ ನಿಲ್ಲಿಸಿ ಆರು ಸಲ ಎಂಜಿನ್ ಆರಿಸಿದೆ, ಆರು ಸಲ ಎಬ್ಬಿಸಿದೆ. ‘ಸಾಕು ಮಾರಾಯ್ತಿ, ತಲೆನೋವು’ ಎಂದು ಹೊರಗೆ ಬಂದು ಹೆಸರು ಸೇರಿಸಿದರು. ಒಂಬತ್ತು ದಿನದಲ್ಲಿ ಇನ್ನೂರಾ ಹದಿನಾಲ್ಕು ದನ ಎಮ್ಮೆಗಳಿಗೆ ಸೂಜಿ ಹಾಕಿದೆ. ಐಸು ಕರಗುವ ಮೊದಲೇ ಪ್ರತಿ ಕೇರಿಯನ್ನೂ ಮುಟ್ಟಿದೆ. ಘಟ್ಟದ ಬುಡದ ಕಡೆ ರೋಗ ಕಾಣಿಸಿಕೊಂಡಿದೆ ಎನ್ನುತ್ತಾರೆ, ನನ್ನ ಕೇರಿಗಳಲ್ಲಿ ಈವರೆಗೆ ಒಂದು ದನಕ್ಕೂ ಬಂದಿಲ್ಲ.

ಗಂಗಿಯ ದನ ಬೈಕಿನ ಸದ್ದಿಗೆ ಹಗ್ಗ ಕಿತ್ತು ಓಡಿತು. ಅದನ್ನು ಹಿಡಿಯಲು ನಾವು ಮೂವರೂ ಗದ್ದೆಯ ತುಂಬ ಓಡಿದೆವು. ಗಂಗಿ ನಕ್ಕಿದ್ದನ್ನು ನೋಡಿದ್ದು ಅದೇ ಮೊದಲು.

ಆಗಸ್ಟಿನಲ್ಲಿ ನಾನು ಬರೆದದ್ದರಲ್ಲಿ ಹಿಂದೆ ತೆಗೆದುಕೊಳ್ಳುವಂಥದ್ದು ಏನೂ ಇಲ್ಲ. ಆದರೆ ಅದೊಂದೇ ನನ್ನ ಮನಸ್ಸಿನಲ್ಲಿರುವುದು ಎಂದು ತಿಳಿಯಬೇಡಿ. ಈ ಗಾಡಿಯ ಮುಂದೆ ಕೂತಾಗೆಲ್ಲ ನನ್ನ ಕೈಗೆ ದಾರಿ ತೋರಿಸಿದ್ದು ನಿಮ್ಮ ಕೈಯೇ.

ಡಿಸೆಂಬರ್ ಕೊನೆಯಲ್ಲಿ ನಾಲ್ಕು ದಿನ ರಜೆ ಇದೆ. ಬರಲೇ?

ಆರೋಗ್ಯ ನೋಡಿಕೊಳ್ಳಿ.

ವೀಣಾ


ಹೆಬಳೆ
14 ಡಿಸೆಂಬರ್ 2003

ಮಗಾ ವೀಣಾ,

ಇದು ನನ್ನ ಎಡಗೈ. ಅಕ್ಷರ ಏಡಿ ನಡೆದ ಹಾಗಿದೆ, ನಿಧಾನ ಓದಿಕೊ. ಬರೆಯಲು ಆರು ದಿನ ಹಿಡಿಯಿತು.

ರೇಖಾ ನಿನಗೆ ಬರೆದದ್ದನ್ನು ತಾನೇ ಬಂದು ಹೇಳಿದಳು. ನಾನು ಬೈಯಲಿಲ್ಲ.

ಬ್ರಶ್ಶು ಸರಿ ಕೂತವು ಎಂದು ಬರೆದಿದ್ದೀ. ಸುಳ್ಳು. ಅಕ್ಕಿಕಾಳಿನಷ್ಟು ಓರೆ ಇತ್ತು. ಮಾಡಿದವನು ನಾನು, ನನಗೆ ಗೊತ್ತಿಲ್ಲವೇ? ಗಾಜಿನ ಮೇಲೆ ಎಮರಿ ಕಾಗದ ಹಾಸಿ, ತಿಕ್ಕಿ ಸಮ ಮಾಡಿಕೊಂಡಿರುತ್ತೀ. ನನಗೆ ನೋವಾದೀತೆಂದು ಬರೆಯಲಿಲ್ಲ. ಮೆಕ್ಯಾನಿಕ್ಕು ಕೆಲಸದ ವಿಷಯದಲ್ಲಿ ಸುಳ್ಳು ಹೇಳಬಾರದು ಮಗಾ. ನಾನು ಒಮ್ಮೆ ಆ ಸುಳ್ಳು ಹೇಳಿದೆ, ಅದಕ್ಕೇ ಹೇಳುತ್ತಿದ್ದೇನೆ.

ಭಾಸ್ಕರನಿಗೆ ಕೂರಿಸಿಕೊಂಡು ಕಲಿಸಿದ್ದೆ. ಅವನು ಕಂಡುಹಿಡಿದ ಎಂದರೆ ನಾನು ಕಲಿಸಿದ್ದು ಎಂದಾಗುತ್ತಿತ್ತು. ನಿನಗೆ ಏನೂ ಕಲಿಸಿರಲಿಲ್ಲ, ಪಾನಾ ಕೊಡು ಎಂದದ್ದು ಬಿಟ್ಟು. ಮೂರು ದಿನ ನನ್ನ ಕಣ್ಣಿಗೆ ಬೀಳದ್ದು ನಿನ್ನ ಕೈಗೆ ಸಿಕ್ಕಿತು. ಅಷ್ಟು ಜನರ ಎದುರು ಅದನ್ನು ನುಂಗಲು ನನ್ನಿಂದ ಆಗಲಿಲ್ಲ. ಇಷ್ಟೇ ಕಾರಣ. ಇದಕ್ಕಿಂತ ದೊಡ್ಡದು ಏನೋ ಇದೆ ಎಂದು ಐದು ವರ್ಷ ನನಗೆ ನಾನೇ ಹೇಳಿಕೊಂಡೆ. ಇಲ್ಲ.

ಮೊನ್ನೆ ಕೋಲು ಊರಿಕೊಂಡು ರಮಾನಂದನ ಬೋಟಿನ ಹತ್ತಿರ ಹೋದೆ. ಅಂದು ಕೇಬಲ್ಲು ಕಂಡುಹಿಡಿದದ್ದು ಭಾಸ್ಕರ ಅಲ್ಲ, ನನ್ನ ಮಗಳು ಎಂದೆ. ಅವನು ಬಲೆ ಕೆಳಗಿಟ್ಟು ನನ್ನನ್ನು ಕೂರಿಸಿದ. ‘ಅವತ್ತೇ ಸಂಜಿಗೆ ಭಾಸ್ಕರ ಬಂದು ಹೇಳಿದ್ನಲ್ಲಾ ಮಾರಾಯಾ. ನೀ ಎಂದ್ ಹೇಳ್ತೆ ಅಂತ ನಾವೆಲ್ಲ ಕಾಯ್ತಿದ್ವು’ ಎಂದ. ಬಂದರಿಗೆಲ್ಲ ಗೊತ್ತಿತ್ತು. ನಾನೊಬ್ಬನೇ ಮುಚ್ಚಿಟ್ಟುಕೊಂಡು ಕೂತಿದ್ದೆ. ಭಾಸ್ಕರನೂ ಇಷ್ಟು ವರ್ಷ ನನಗೆ ಒಂದು ಮಾತು ಆಡಿ ತೋರಿಸಲಿಲ್ಲ. ಅವನೂ ಒಳ್ಳೆಯವನೇ.

ಬರಲೇ ಎಂದು ಕೇಳಿದ್ದೀ. ನಿನ್ನ ಅಮ್ಮ ಈಗಲೇ ಒಣಸಿಗಡಿ ಆರಿಸುತ್ತ ಕೂತಿದ್ದಾಳೆ.

ಬಸ್ಸಿನಲ್ಲಿ ಬರಬೇಡ, ಬೈಕಿನಲ್ಲಿ ಬಾ. ಮುಳ್ಳು ಟಯರು ಡಾಂಬರಿನ ಮೇಲೆ ಹಿಡಿತ ಕೊಡುವುದಿಲ್ಲ, ತಿರುವಿನಲ್ಲಿ ವಾಲಿಸಬೇಡ. ಹೊನ್ನಾವರದ ಸೇತುವೆ ಮೇಲೆ ಅಡ್ಡಗಾಳಿ ಇರುತ್ತದೆ, ನಿಧಾನ. ಹೆದ್ದಾರಿಯಿಂದ ನೆಟ್ಟಗೆ ಮನೆಗೆ ತಿರುಗಬೇಡ. ಬಂದರಿನ ದಾರಿಯಲ್ಲಿ ಬಾ, ಬೋಟುಗಳು ಬಂದು ಮೀನು ಇಳಿಸುವ ಹೊತ್ತಿಗೆ, ಎಲ್ಲರೂ ಇರುವಾಗ. ನಾನು ಶೆಡ್ಡಿನ ಎದುರು ಕೂತಿರುತ್ತೇನೆ. ಅಲ್ಲಿ ನಿಲ್ಲಿಸಿ ಎಂಜಿನ್ ಆರಿಸು. ಮತ್ತೆ ಸೆಲ್ಫ್ ಹೊಡೆ.

ಯಾರು ಸರಿ ಮಾಡಿದ್ದು ಎಂದು ಯಾರಾದರೂ ಕೇಳೇ ಕೇಳುತ್ತಾರೆ. ನೀನು ಸುಮ್ಮನಿರು. ನಾನು ಹೇಳುತ್ತೇನೆ.

ನಿನ್ನ ಅಪ್ಪ
ಶನಿಯಾರ